ಮಲೆನಾಡಿನಲ್ಲಿ ದೂರಪಾಠ

ಪಾಠ ಹೇಳುವವರು ಒಂದು ಕಡೆ, ಕೇಳುವವರು ಇನ್ನೊಂದು ಕಡೆ ಇರುವ ಏರ್ಪಾಡು 2020ರ ಮಾರ್ಚ್ ತಿಂಗಳಲ್ಲಿ ಹುಟ್ಟಿತೆಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಹಾಗೇನೂ ಅಲ್ಲ. ಮೈಸೂರು ವಿಶ್ವವಿದ್ಯಾನಿಲಯ 1930ರ ದಶಕದಲ್ಲೇ ತನ್ನ ಅಧ್ಯಾಪಕರನ್ನು ಊರೂರಿಗೆ ಕಳಿಸಿ ಉಪನ್ಯಾಸ ಮಾಡಿಸಿತು. ಆ ಉಪನ್ಯಾಸಗಳನ್ನು ಕೆಲವೇ ಆಣೆ ಬೆಲೆಯ ಕಿರುಹೊತ್ತಗೆಗಳಾಗಿ ಅಚ್ಚು ಹಾಕಿಸಿ ಹಂಚಿತು. 1969ರಲ್ಲಿ ಅದೇ ವಿಶ್ವವಿದ್ಯಾನಿಲಯ ಅಂಚೆಯ ಮೂಲಕ ಪಾಠ ಕಲಿಸುವ ಸಂಸ್ಥೆಯನ್ನು ತೆರೆಯಿತು. 1996ರಲ್ಲಿ ಆ ಕೆಲಸ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯಕ್ಕೆ ಬಂತು. ನನ್ನ ಪರಿಚಯದ ಪ್ರಾಥಮಿಕ ಶಾಲೆಯ ಮೇಷ್ಟ್ರುಗಳಲ್ಲಿ ಎಷ್ಟೋ ಮಂದಿ ಬಿ.ಎ., ಎಂ.ಎ. ಮುಗಿಸಿದ್ದು ಪೋಸ್ಟ್‌ಮ್ಯಾನ್ ತಂದುಕೊಟ್ಟ ಕಂದು ಲಕೋಟೆಗಳಿಂದ. ಮಳೆಗಾಲದಲ್ಲಿ ಆ ಲಕೋಟೆ ಒದ್ದೆಯಾಗಿ ಬರುತ್ತಿತ್ತು. ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿಕೊಂಡು ಓದಬೇಕಾಗಿತ್ತು. ಹೊಗೆಯ ವಾಸನೆಯಿಲ್ಲದ ಅರ್ಥಶಾಸ್ತ್ರ ನಾನು ಓದೇ ಇಲ್ಲ ಎಂದು ಒಬ್ಬರು ಹೇಳುತ್ತಿದ್ದರು.

ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲೂಕುಗಳಲ್ಲೂ ನಾನು ವರ್ಗವಾಗಿ ಹೋಗಿ ಇತಿಹಾಸ ಪಾಠ ಮಾಡಿದವನು. ಇಲ್ಲಿ ಊರು ಎಂದರೆ ಬಯಲುಸೀಮೆಯ ಊರಿನ ಹಾಗಲ್ಲ. ಒಂದು ಮನೆ, ಒಂದು ತೋಟ, ಆಮೇಲೆ ಅರ್ಧ ಮೈಲಿ ಕಾಡು, ಒಂದು ಹಳ್ಳ, ಮತ್ತೆ ಇನ್ನೊಂದು ಮನೆ. ಇದರ ಮೇಲೆ ನೀರಿನ ಕಥೆ ಬೇರೆ. 1948ರಲ್ಲಿ ಜೋಗದ ವಿದ್ಯುದಾಗಾರ ಶುರುವಾದಾಗ ಅದಕ್ಕೆ ನೀರು ಕೊಟ್ಟದ್ದು ಹಿರೇಭಾಸ್ಕರದ ಅಣೆಕಟ್ಟು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಹಳ್ಳಿಗಳ ಜೊತೆಗೆ ಆ ಹಳೆಯ ಅಣೆಕಟ್ಟೂ ಮುಳುಗಿತು. ಶರಾವತಿಯ ಆಚೆ ದಡದಲ್ಲಿ ಉಳಿದ ತುಮರಿ, ಬ್ಯಾಕೋಡು ಕಡೆಯವರಿಗೆ ಸಾಗರ ಪೇಟೆಯೇ ದೂರದ ದೇಶವಾಯಿತು. ಕಳಸವಳ್ಳಿಯಲ್ಲಿ ಲಾಂಚು ಹತ್ತಿ ಅಂಬಾರಗೋಡ್ಲಿನಲ್ಲಿ ಇಳಿದು ಬಸ್ಸು ಹಿಡಿಯಬೇಕು. ಲಾಂಚು ತಪ್ಪಿದರೆ ಮೊದಲ ಪೀರಿಯಡ್ಡು ತಪ್ಪಿದ ಹಾಗೇ. ನಾಡಿಗೆಲ್ಲ ದೀಪ ಹಚ್ಚಲು ನೆಲ ಬಿಟ್ಟುಕೊಟ್ಟವರ ಮಕ್ಕಳು ಬುಡ್ಡಿದೀಪದಲ್ಲಿ ಓದಿದ್ದನ್ನು ನಾನು ಹೇಳಬೇಕಾಗಿಲ್ಲ, ಈ ಕಡೆಯವರಿಗೆ ಗೊತ್ತಿದ್ದದ್ದೇ.

ರೇಡಿಯೋ ಬಂತು, ಭದ್ರಾವತಿಯ ಆಕಾಶವಾಣಿ 1965ರಿಂದ ನಮ್ಮ ಜಗಲಿಗಳಲ್ಲಿ ಮಾತಾಡುತ್ತಿದೆ. 1984ರ ಆಗಸ್ಟ್ 15ರಿಂದ ವಿಶ್ವವಿದ್ಯಾನಿಲಯ ಅನುದಾನ ಆಯೋಗದವರು ದೂರದರ್ಶನದಲ್ಲಿ ಕಾಲೇಜು ಮಕ್ಕಳಿಗಾಗಿ ಪಾಠ ಬಿತ್ತರಿಸತೊಡಗಿದರು. ಅದು ಇಂಗ್ಲಿಷಿನಲ್ಲಿ, ಹಗಲು ಹೊತ್ತಿನಲ್ಲಿ ಬರುತ್ತಿತ್ತು; ಆಗ ಇಲ್ಲಿ ಟೀವಿ ಇದ್ದ ಮನೆಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಎಜುಸ್ಯಾಟ್ ಎಂಬ, ಪಾಠ ಹೇಳುವುದಕ್ಕೆಂದೇ ಮೀಸಲಾದ ಉಪಗ್ರಹ ಹಾರಿತು. ಅದನ್ನು ಮೊದಲು ಪರೀಕ್ಷಿಸಿ ನೋಡಿದವರಲ್ಲಿ ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯದವರೂ ಇದ್ದರು. ನಾನು ಕಂಡ ಒಂದು ಕಾಲೇಜಿನ ತಾರಸಿಯ ಮೇಲೂ ಅಂಥದೇ ಒಂದು ಬುಟ್ಟಿ ಬಂದು ಕೂತಿತ್ತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದರಲ್ಲಿ ಪಾಚಿ ಬೆಳೆದಿತ್ತು, ಜವಾನರು ಅದರ ನೆರಳಿನಲ್ಲಿ ಹಪ್ಪಳ ಒಣಗಿಸುವವರನ್ನು ಬೈಯುತ್ತಿದ್ದರು. ಇವೆಲ್ಲ ಮೇಲಿಂದ ಸುರಿಯುವ ಪಾಠಗಳು. ಕೇಳುವವನು ಕೈ ಎತ್ತಿ ಪ್ರಶ್ನೆ ಕೇಳುವುದಕ್ಕೆ ದಾರಿಯೇ ಇರಲಿಲ್ಲ, ಅಥವಾ ಇದ್ದರೂ ನಮ್ಮವರೆಗೆ ಬಂದಿರಲಿಲ್ಲ.

2020ರ ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿಕೊಂಡಿತು. ಪದವಿ ಕಾಲೇಜುಗಳು ಮತ್ತೆ ತೆರೆದದ್ದು ನವೆಂಬರ್ 17ಕ್ಕೆ. 2021ರ ಎರಡನೆಯ ಅಲೆಯಲ್ಲಿ ಮುಚ್ಚಿದ್ದು ಮತ್ತೆ ತೆರೆದದ್ದು ಜುಲೈ 26ಕ್ಕೆ. ಆನ್‌ಲೈನಿನಲ್ಲಿ ಪಾಠ ಮಾಡಿ, ಹಾಜರಿ ಕಳಿಸಿ ಎಂದು ಮೇಲಿನಿಂದ ಸೂಚನೆ ಬಂತು. ಝೂಮ್ ಬಿಟ್ಟಿಯಾಗಿ ಕೊಡುತ್ತಿದ್ದದ್ದು ನಲವತ್ತು ನಿಮಿಷ. ಗೂಗಲ್ ಮೀಟ್ 2020ರ ಮೇ ತಿಂಗಳಲ್ಲಿ ಎಲ್ಲರಿಗೂ ಬಿಟ್ಟಿಯಾಯಿತು. ನಾವು ಅದನ್ನೇ ಹಿಡಿದೆವು. ಪರದೆಯ ಮೇಲೆ ಸಣ್ಣ ಸಣ್ಣ ಚೌಕಗಳು. ಮುಖಗಳಿಲ್ಲ, ಹೆಸರಿನ ಮೊದಲ ಅಕ್ಷರ ಮಾತ್ರ. ಮಾತಾಡುತ್ತ ಹೋದ ಹಾಗೆ ಆ ಚೌಕಗಳು ಒಂದೊಂದಾಗಿ ಆರಿಹೋಗುತ್ತಿದ್ದವು. "ಸಾರ್, ನಿಮ್ಮ ದನಿ ನೀರಿನ ಒಳಗಿಂದ ಬಂದ ಹಾಗೆ ಬರ್ತದೆ" ಎಂದು ಹೊಸನಗರದ ಕಡೆಯ ಹುಡುಗನೊಬ್ಬ ಫೋನು ಮಾಡಿ ಹೇಳಿದ. ಅವನು ಮನೆಯಿಂದ ಒಂದೂವರೆ ಕಿಲೋಮೀಟರ್ ಗುಡ್ಡ ಹತ್ತಿ, ನಾಲ್ಕು ಗೂಟ ನೆಟ್ಟು, ಮೇಲೆ ಟಾರ್ಪಾಲು ಎಳೆದುಕೊಂಡು, ಕಾಲಿಗೆ ಉಂಬಳ ಹತ್ತದಂತೆ ಸುಣ್ಣ ಹೊಗೆಸೊಪ್ಪು ಸವರಿಕೊಂಡು ಪಾಠ ಕೇಳುತ್ತಿದ್ದ. ಅಂಥ ಟಾರ್ಪಾಲುಗಳು ಆ ವರ್ಷ ನಮ್ಮ ಗುಡ್ಡಗಳ ನೆತ್ತಿಯಲ್ಲೆಲ್ಲ ಕಾಣುತ್ತಿದ್ದವು. 2021ರಲ್ಲಿ ಹಿನ್ನೀರಿನ ಕಡೆಯ ಹಳ್ಳಿಗಳವರು ನೆಟ್‌ವರ್ಕ್ ಇಲ್ಲದಿದ್ದರೆ ಓಟೂ ಇಲ್ಲ ಎಂದು ಬೋರ್ಡು ಹಾಕಿದ್ದು ಸುಮ್ಮನೆ ಅಲ್ಲ.

ಸಿಗ್ನಲ್ಲು ಯಾಕೆ ಸಿಗುವುದಿಲ್ಲ ಎಂಬುದಕ್ಕೆ ಕಂಪನಿಗಳನ್ನು ಬೈದರಷ್ಟೇ ಸಾಲದು. ಆ ಅಲೆಗಳು ಬೆಳಕಿನ ಜಾತಿಯವು. ಗುಡ್ಡ ಅಡ್ಡ ಬಂದರೆ ನೆರಳು ಬೀಳುತ್ತದೆ. ನಮ್ಮ ಮನೆಗಳಿರುವುದು ನೀರು ಸಿಗುವ ತಗ್ಗಿನಲ್ಲಿ, ತೋಟದ ಪಕ್ಕದಲ್ಲಿ, ಎಂದರೆ ಸರಿಯಾಗಿ ನೆರಳಿನಲ್ಲೇ. ಒಂದು ಟವರಿನ ಕೆಳಗೆ ಬಯಲುಸೀಮೆಯಲ್ಲಿ ಸಾವಿರ ಮನೆ ಸಿಕ್ಕಿದರೆ ಇಲ್ಲಿ ಅದರ ಹತ್ತನೇ ಒಂದು ಪಾಲೂ ಸಿಕ್ಕುವುದು ಕಷ್ಟ, ಹಾಗಾಗಿ ಹಾಕುವವರಿಗೂ ಹುರುಪಿಲ್ಲ. ಹಾಕಿದ್ದಕ್ಕೂ ಕರೆಂಟು ಬೇಕು. ಆರಿದ್ರಾ ಮಳೆಯಲ್ಲಿ ಮರ ಬಿದ್ದು ಲೈನು ಹೋದರೆ ಟವರಿನ ಬ್ಯಾಟರಿ ಕೆಲವು ಗಂಟೆ ಉಸಿರಾಡುತ್ತದೆ, ಆಮೇಲೆ ಅದೂ ಮಲಗುತ್ತದೆ. ಆಗುಂಬೆ ಇರುವ ತಾಲೂಕಿನಲ್ಲಿ ಮಳೆ ನಿಲ್ಲಲಿ ಎಂದು ಕಾಯುತ್ತ ಕೂತರೆ ಸೆಮಿಸ್ಟರೇ ಮುಗಿದುಹೋಗುತ್ತದೆ.

ಮೊದಲ ತಿಂಗಳಲ್ಲೇ ಲೆಕ್ಕ ಹಾಕಿ ನೋಡಿದೆವು. ಒಂದು ಗಂಟೆಯ ವೀಡಿಯೋ ಪಾಠ ನೂರಾರು ಎಂಬಿ ನುಂಗುತ್ತದೆ. ಅದೇ ಮಾತನ್ನು ವಾಟ್ಸಾಪಿನಲ್ಲಿ ಬರೀ ಧ್ವನಿಯಾಗಿ ಕಳಿಸಿದರೆ ಹತ್ತು ನಿಮಿಷಕ್ಕೆ ಒಂದೆರಡು ಎಂಬಿ ಸಾಕು. ಮುಖ್ಯವಾದ ವಿಷಯ ಅದೂ ಅಲ್ಲ. ವೀಡಿಯೋ ಪಾಠಕ್ಕೆ ಹೇಳುವವನೂ ಕೇಳುವವನೂ ಒಂದೇ ಹೊತ್ತಿಗೆ ಎದುರುಬದುರು ಇರಬೇಕು. ಧ್ವನಿಯ ತುಣುಕಿಗೆ ಹಾಗಿಲ್ಲ. ಬೆಳಗ್ಗೆ ಕಳಿಸಿದ್ದು ಹುಡುಗಿ ಹಾಲು ಹಾಕಲು ಡೇರಿಗೆ ಹೋದಾಗ ಫೋನಿಗೆ ಇಳಿಯುತ್ತದೆ. ರಾತ್ರಿ ಮನೆಯಲ್ಲಿ ಸಿಗ್ನಲ್ಲಿಲ್ಲದಿದ್ದರೂ ಕೇಳಬಹುದು, ತಿಳಿಯದಿದ್ದರೆ ಇನ್ನೊಮ್ಮೆ ಕೇಳಬಹುದು. ಎಂಟು ನಿಮಿಷ ಮೀರದ ಧ್ವನಿ, ಜೊತೆಗೆ ಒಂದು ಪುಟದ ಟಿಪ್ಪಣಿ, ಕೊನೆಯಲ್ಲಿ ಎರಡು ಪ್ರಶ್ನೆ. ಉತ್ತರವನ್ನು ನೋಟ್‌ಬುಕ್ಕಿನಲ್ಲಿ ಬರೆದು ಫೋಟೋ ತೆಗೆದು ಕಳಿಸುವುದು. ಇಷ್ಟೂ ಸಿಗದವರಿಗೆ ಮೆಮೊರಿ ಕಾರ್ಡು. ಅದು ಬಸ್ಸಿನ ಕಂಡಕ್ಟರ ಜೇಬಿನಲ್ಲಿ ಹೋಗಿ ಕಂಡಕ್ಟರ ಜೇಬಿನಲ್ಲೇ ವಾಪಸು ಬರುತ್ತಿತ್ತು. ಹಳೆಯ ಅಂಚೆ ತೆರಪಿನ ಶಿಕ್ಷಣವೇ ಇದು, ಲಕೋಟೆಯ ಗಾತ್ರ ಉಗುರಿನಷ್ಟಾಗಿತ್ತು ಅಷ್ಟೆ.

ಇಲ್ಲೊಂದು ದೂರದೇಶದ ಸಂಗತಿ ಹೇಳಬೇಕು. ಜಗತ್ತಿನ ಬಹಳಷ್ಟು ಕಾಲೇಜುಗಳು ಬಳಸುವ, ಯಾರು ಬೇಕಾದರೂ ಬಿಟ್ಟಿಯಾಗಿ ಹಾಕಿಕೊಳ್ಳಬಹುದಾದ ಮೂಡಲ್ ಎಂಬ ತಂತ್ರಾಂಶವನ್ನು 2002ರಲ್ಲಿ ಹೊರತಂದವರು ಮಾರ್ಟಿನ್ ಡೂಗಿಯಾಮಸ್. ಪಾಠ ಇಡುವುದು, ಪ್ರಶ್ನೆ ಕೇಳುವುದು, ಉತ್ತರ ತಿದ್ದುವುದು ಎಲ್ಲವೂ ಅದರಲ್ಲಿ ಒಂದೇ ಕಡೆ ಇರುತ್ತದೆ. ಈತ ಬೆಳೆದದ್ದು ಆಸ್ಟ್ರೇಲಿಯಾದ ಮರುಭೂಮಿಯ ಮೂಲೆಯಲ್ಲಿ. ಕಲಿತದ್ದು ರೇಡಿಯೋ ಮೂಲಕ ನಡೆಯುವ 'ಗಾಳಿಯ ಶಾಲೆ'ಯಲ್ಲಿ. 1951ರಲ್ಲಿ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಶುರುವಾದ ಆ ಪದ್ಧತಿಯಲ್ಲಿ ಮಗುವೂ ರೇಡಿಯೋದಲ್ಲಿ ಮರುಮಾತಾಡಬಹುದಿತ್ತು. ದೂರದಲ್ಲಿ ಕೂತು ಕಲಿತವನೇ ದೂರದವರಿಗೆ ಸಲಕರಣೆ ಮಾಡಿದ. ನಮ್ಮ ಸಲಕರಣೆಗಳನ್ನು ಮಾಡುವವರು ಮಾತ್ರ ಮಳೆಗಾಲದಲ್ಲಿ ಒಮ್ಮೆಯಾದರೂ ನಿಟ್ಟೂರಿಗೆ ಬಂದು ಹೋಗಲಿ ಎಂದು ನನಗೆ ಅನ್ನಿಸುತ್ತಿತ್ತು.

ಕನ್ನಡದ ತೊಡಕು ಬೇರೆಯೇ. ನಮ್ಮ ಅಧ್ಯಾಪಕರ ಹತ್ತಿಪ್ಪತ್ತು ವರ್ಷದ ಟಿಪ್ಪಣಿಗಳೆಲ್ಲ ಗಣಕದಲ್ಲಿ ಇದ್ದವು, ಆದರೆ ನುಡಿಯಲ್ಲೋ ಬರಹದಲ್ಲೋ ಹಳೆಯ ರೀತಿಯಲ್ಲಿ ಟೈಪು ಮಾಡಿದವು. ಆ ರೀತಿಯಲ್ಲಿ ಅಕ್ಷರ ಕಾಣುವುದು ಅದರದೇ ಫಾಂಟು ಇದ್ದರೆ ಮಾತ್ರ. ಮಕ್ಕಳ ಫೋನಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಲಸಿದ ಚಿತ್ರಾನ್ನ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಕೊಟ್ಟಿದ್ದರು. ನಾವು ಅದರಲ್ಲಿ ಹೋಗಿ ಕೂರಲು ಸುಮಾರು ಮೂವತ್ತು ವರ್ಷ ತೆಗೆದುಕೊಂಡೆವು. ಕುವೆಂಪು ಅವರ ಮಗ ತೇಜಸ್ವಿಯವರು ಕನ್ನಡ ತಂತ್ರಾಂಶಕ್ಕಾಗಿ ಬಡಿದಾಡಿದ್ದು ಯಾಕೆಂದು ನನಗೆ ಸರಿಯಾಗಿ ಅರ್ಥವಾದದ್ದು 2020ರ ಮಳೆಗಾಲದಲ್ಲಿ, ಒಂದೊಂದೇ ಕಡತವನ್ನು ಯೂನಿಕೋಡಿಗೆ ಬದಲಾಯಿಸಿ, ಬದಲಾಗುವಾಗ ಕೈಕೊಟ್ಟ ಒತ್ತಕ್ಷರಗಳನ್ನು ತಿದ್ದುತ್ತ ಕೂತಿದ್ದಾಗ. ಈಗಲೂ ಕೆಲವರು ಟಿಪ್ಪಣಿಯನ್ನು ಅಚ್ಚು ತೆಗೆದು, ಅದರ ಫೋಟೋ ಹೊಡೆದು ಕಳಿಸುತ್ತಾರೆ. ಕೆಲಸ ಆಗುತ್ತದೆ, ಹುಡುಕಲು ಬರುವುದಿಲ್ಲ.

ಇತಿಹಾಸದವರಿಗೆ ಆ ವರ್ಷ ಒಂದು ಲಾಭವೂ ಆಯಿತು. ಬಿ.ಎಲ್. ರೈಸ್ 1904ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಎಂಟನೆಯ ಸಂಪುಟದಲ್ಲಿ ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲೂಕುಗಳ ಶಾಸನಗಳಿವೆ. ಆಗಿನ ನಗರ ತಾಲೂಕೇ ಇಂದಿನ ಹೊಸನಗರ. ಕಾಲೇಜುಗಳಲ್ಲಿ ಈ ಪುಸ್ತಕ ಇದ್ದರೂ ಬೀರುವಿನಲ್ಲಿ ಬೀಗ ಹಾಕಿರುತ್ತದೆ, ಬೀಗದ ಕೈ ಪ್ರಿನ್ಸಿಪಾಲರ ಹತ್ತಿರ ಇರುತ್ತದೆ. ಇಂಟರ್‌ನೆಟ್ ಆರ್ಕೈವಿನಲ್ಲಿ ಅದರ ಪುಟಪುಟವೂ ಬಿಟ್ಟಿಯಾಗಿ ಸಿಗುತ್ತದೆ. ನಾನು ಇಡೀ ಪುಸ್ತಕ ಕಳಿಸಲಿಲ್ಲ; ಪ್ರತಿಯೊಬ್ಬರಿಗೂ ಅವರವರ ಊರಿನ ಪುಟವನ್ನಷ್ಟೇ ಕಳಿಸಿದೆ. ನಿಮ್ಮ ಊರಿನ ಕಲ್ಲು ಈಗಲೂ ಇದೆಯೇ, ಹುಡುಕಿ ಫೋಟೋ ಕಳಿಸಿ ಎಂದೆ. ಕೆಳದಿ, ಇಕ್ಕೇರಿ, ಬಿದನೂರು, ಕವಲೇದುರ್ಗ ಎಲ್ಲ ಪಾಠದಲ್ಲಿ ಬರುವ ಹೆಸರುಗಳು. ಆದರೆ ಅವುಗಳ ಪಕ್ಕದ ಮನೆಗಳಲ್ಲೇ ನನ್ನ ವಿದ್ಯಾರ್ಥಿಗಳು ಸಿಕ್ಕಿಹಾಕಿಕೊಂಡಿದ್ದರು. ಹದಿನೈದು ದಿನಗಳಲ್ಲಿ ವೀರಗಲ್ಲು, ಮಾಸ್ತಿಕಲ್ಲುಗಳ ಫೋಟೋಗಳು ಬರತೊಡಗಿದವು. ಒಂದು ಕಲ್ಲು ಕೊಟ್ಟಿಗೆಯ ಮೆಟ್ಟಿಲಾಗಿತ್ತು. ಒಂದರ ಮೇಲೆ ಬಟ್ಟೆ ಒಗೆಯುತ್ತಿದ್ದರು. "ಅಪ್ಪಯ್ಯ ಅದನ್ನ ತೊಳೆದು ಕುಂಕುಮ ಹಚ್ಚಿದ್ರು ಸಾರ್, ಈಗ ಬಟ್ಟೆ ಒಗೆಯೋಕೆ ಬಿಡ್ತಿಲ್ಲ, ಅಮ್ಮಂಗೆ ಸಿಟ್ಟು" ಎಂದು ಸಾಗರ ಸೀಮೆಯ ಹುಡುಗಿ ಬರೆದಳು. ನಲವತ್ತು ಹುಡುಗರನ್ನು ಬಸ್ಸಿನಲ್ಲಿ ತುಂಬಿಕೊಂಡು ಹೋದ ಯಾವ ಪ್ರವಾಸದಲ್ಲೂ ನನಗೆ ಇಷ್ಟು ಸಿಕ್ಕಿರಲಿಲ್ಲ.

ಹಾಗೆಂದು ಸಿಹಿಯನ್ನಷ್ಟೇ ಬರೆದರೆ ಸುಳ್ಳಾಗುತ್ತದೆ. ಮನೆಗೆ ಒಂದೇ ಫೋನು, ಅದು ಕೂಲಿಗೆ ಹೋದ ಅಪ್ಪನ ಜೇಬಿನಲ್ಲಿ. ಅಣ್ಣನಿಗೂ ತಂಗಿಗೂ ಒಂದೇ ಹೊತ್ತಿಗೆ ಪಾಠವಿದ್ದರೆ ಫೋನು ಯಾರ ಕೈಗೆ ಹೋಗುತ್ತದೆಂದು ಬೇರೆ ಹೇಳಬೇಕೆ? ತೀರ್ಥಹಳ್ಳಿ ಕಡೆಯ ಒಬ್ಬಳು, ಮೊದಲ ವರ್ಷದಲ್ಲಿ ತರಗತಿಗೇ ಚುರುಕಾಗಿದ್ದವಳು, ಹಾಜರಿ ಪಟ್ಟಿಯಲ್ಲಿ ಎರಡು ತಿಂಗಳು ಗೈರುಹಾಜರು ಎಂದೇ ಬಿದ್ದಳು. ಮೀಟಿನಿಂದ ತೆಗೆದ ಆ ಪಟ್ಟಿಗೆ ಅವಳ ಮನೆಯ ತಗ್ಗು ಗೊತ್ತಿರಲಿಲ್ಲ. ನವೆಂಬರಿನಲ್ಲಿ ಕಾಲೇಜು ತೆರೆದಾಗ ಅವಳು ಬಂದಳು, ಗಂಡನ ಜೊತೆ, ಟೀಸಿ ಕೇಳಲು. ಮದುವೆಗೆ ಐವತ್ತೇ ಜನ ಸಾಕಲ್ಲ ಎಂದು ಆ ವರ್ಷ ಅನೇಕ ಮನೆಗಳಲ್ಲಿ ಮದುವೆ ಮುಗಿಸಿದ್ದರು. ಓದು ಮುಂದುವರಿಸಮ್ಮ, ಮುಕ್ತ ವಿಶ್ವವಿದ್ಯಾನಿಲಯವಾದರೂ ಇದೆ ಎಂದೆ. "ನೋಡ್ತೇನೆ ಸಾರ್" ಎಂದಳು. ಅವಳ ಹೆಸರಿನ ಮುಂದೆ ಸಾಲು ಎಳೆದದ್ದು ನನ್ನ ಕೈಯೇ.

2021ರಲ್ಲಿ ಸರ್ಕಾರ 430 ಪ್ರಥಮ ದರ್ಜೆ ಕಾಲೇಜುಗಳಿಗೆ ಕಲಿಕಾ ನಿರ್ವಹಣಾ ವ್ಯವಸ್ಥೆ ಎಂಬ ಗಣಕದ ಏರ್ಪಾಡು ಮಾಡಿತು. ಅದೇ ವರ್ಷ ಒಂದೂವರೆ ಲಕ್ಷಕ್ಕೂ ಹೆಚ್ಚು ಟ್ಯಾಬ್ಲೆಟ್ಟುಗಳನ್ನು ವಿದ್ಯಾರ್ಥಿಗಳಿಗೆ ಕೊಟ್ಟಿತು. ಒಂದು ಕೋರ್ಸಿನ ನೂರಕ್ಕೆ 40ರಷ್ಟನ್ನು ಆನ್‌ಲೈನಿನಲ್ಲಿ ಕಲಿಸಬಹುದೆಂದು ಅನುದಾನ ಆಯೋಗವೂ ಆ ಮೇ ತಿಂಗಳಲ್ಲಿ ಪ್ರಸ್ತಾಪ ಇಟ್ಟಿತು. ಆ 40 ಯಾವುದು ಎಂಬುದೇ ಪ್ರಶ್ನೆ. ಇಸವಿ, ವಂಶಾವಳಿ, ಕಾರಣಗಳ ಪಟ್ಟಿ, ಹಳೆಯ ಪ್ರಶ್ನೆಪತ್ರಿಕೆ ಇವೆಲ್ಲ ಧಾರಾಳವಾಗಿ ಫೋನಿಗೆ ಹೋಗಲಿ. ಬಾಯಿ ಬಿಡದ ಹುಡುಗನನ್ನು ಮಾತಾಡಿಸುವುದು, ಬುತ್ತಿಯಿಲ್ಲದೆ ಬಂದವಳನ್ನು ಗುರುತಿಸುವುದು ಮಿಕ್ಕ 60ರಲ್ಲಿ ಇರಬೇಕು. ಈ ಲೆಕ್ಕವನ್ನು ನಮ್ಮ ಸಭೆಗಳಲ್ಲಿ ಯಾರೂ ಹಾಕಿದ್ದನ್ನು ನಾನು ಕಂಡಿಲ್ಲ. ಎಷ್ಟು ಗಂಟೆ ವೀಡಿಯೋ ಏರಿಸಿದಿರಿ ಎಂದು ಮಾತ್ರ ಕೇಳುತ್ತಿದ್ದರು.

2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಹಿನ್ನೀರಿನ ಮೇಲೆ ಸೇತುವೆ ಉದ್ಘಾಟನೆಯಾಯಿತು. ಆ ಕಡೆಯ ಮಕ್ಕಳಿಗೆ ಲಾಂಚು ತಪ್ಪುವ ಭಯ ತಪ್ಪಿತು. ನಾನು ನಿವೃತ್ತನಾಗಿದ್ದೇನೆ, ಆದರೆ ಆ ಎಂಟೆಂಟು ನಿಮಿಷದ ಧ್ವನಿಗಳು ಒಂದು ತಂಡದಿಂದ ಇನ್ನೊಂದು ತಂಡಕ್ಕೆ ದಾಟುತ್ತ ಎಲ್ಲೆಲ್ಲೋ ಹೋಗಿವೆ. ಕಳೆದ ದೀಪಾವಳಿಯ ಹೊತ್ತಿಗೆ ಸಾಗರದ ಬಸ್‌ಸ್ಟ್ಯಾಂಡಿನಲ್ಲಿ, ನಾನು ಒಮ್ಮೆಯೂ ಪಾಠ ಮಾಡದ ಹುಡುಗನೊಬ್ಬ ದನಿಯಿಂದಲೇ ನನ್ನ ಗುರುತು ಹಿಡಿದ. ಹೈದರಾಲಿ 1763ರಲ್ಲಿ ಬಿದನೂರು ಹಿಡಿದ ಪಾಠ ಅವನಿಗೆ ಬಾಯಿಪಾಠವೇ ಆಗಿತ್ತು. ಸ್ವಲ್ಪ ಸಂಕೋಚದಿಂದ ಕೇಳಿದ: "ಸಾರ್, ಕೋಟೆ ಬೀಳೋ ಹೊತ್ತಿಗೆ ಹಿಂದೆ ಒಂದು ಕರು ಕೂಗ್ತದಲ್ಲ, ಅದು ನಿಮ್ಮನೇದಾ?"