ಸರ್ಫೇಸ್ ವೈರಿಂಗ್ ಹಾಡುಗಳು: ಮ್ಯಾಂಚೆಸ್ಟರಿನ ಒಂದು ಒರಟು ರೆಕಾರ್ಡಿನ ಚರಿತ್ರೆ

ಪ್ರತಿ ವರ್ಷ ನಮ್ಮ ಬಳಗದ ಸಂಚಿಕೆಯಲ್ಲಿ ಹಂಪಿ, ಬಾದಾಮಿ, ಚಿತ್ರದುರ್ಗದ ಕೋಟೆ ಬಗ್ಗೆ ಲೇಖನಗಳು ಬಂದೇ ಬರ್ತವೆ. ಓದೋಕೆ ಖುಷಿಯಾಗುತ್ತೆ. ಆದರೆ ನಾವು ದುಡಿದು ಉಣ್ಣುತ್ತಿರೋ ಈ ಊರಿಗೂ ಒಂದು ಚರಿತ್ರೆ ಇದೆಯಲ್ಲ, ಈ ಸಲ ಅದರಲ್ಲಿ ಒಂದು ತುಣುಕು ಬರೀತೀನಿ.

ನಾನು ದಾವಣಗೆರೆಯವನು. ಹತ್ತಿ ಮಿಲ್ಲುಗಳ ದೆಸೆಯಿಂದ ನಮ್ಮೂರನ್ನ ‘ಕರ್ನಾಟಕದ ಮ್ಯಾಂಚೆಸ್ಟರ್’ ಅಂತ ಕರೀತಿದ್ರು. ಸರ್ಕಾರಿ ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಮುಗಿಸಿ, ನಾಕಾರು ಕಡೆ ದುಡಿದು, ಕೊನೆಗೆ ನಿಜವಾದ ಮ್ಯಾಂಚೆಸ್ಟರಿಗೇ ಬಂದೆ. ಇಲ್ಲೂ ಹತ್ತಿ ಮಿಲ್ಲುಗಳು ಮುಚ್ಚಿ ದಶಕಗಳಾಗಿವೆ. ಅವುಗಳನ್ನೇ ಫ್ಲ್ಯಾಟ್ ಮಾಡ್ತಿದ್ದಾರೆ, ನಾವು ಒಳಗೆ ವೈರ್ ಎಳೀತೀವಿ.

ನಮ್ಮ ಸೈಟಿನಲ್ಲಿ ಒಬ್ಬ ಹಿರಿಯ ಮೇಸ್ತ್ರಿ ಇದ್ದಾರೆ. ಇಲ್ಲೇ ಹುಟ್ಟಿ ಬೆಳೆದವರು, ವಯಸ್ಸು ಅರವತ್ತು ದಾಟಿದೆ. ಮಧ್ಯಾಹ್ನ ಊಟದ ಹೊತ್ತಿಗೆ ಫೋನಿನಲ್ಲಿ ಬಝ್‌ಕಾಕ್ಸ್ ಅನ್ನೋ ಪಂಕ್ ತಂಡದ ಹಾಡು ಹಾಕ್ತಾರೆ. ಆ ತಂಡ ದೊಡ್ಡ ಕಂಪನಿಗೆ ಮಾಡಿದ ನುಣುಪಾದ ರೆಕಾರ್ಡುಗಳೂ ಇವೆ. ಅವರು ಹಾಕೋದು ಮಾತ್ರ 1976ರ ಒರಟು ರೆಕಾರ್ಡಿಂಗುಗಳನ್ನೇ. “ಚೆನ್ನಾಗಿರೋದು ಇದೆಯಲ್ಲ, ಇದನ್ನೇ ಯಾಕೆ ಕೇಳ್ತೀರಿ?” ಅಂತ ಒಮ್ಮೆ ಕೇಳಿದೆ. “ಆಮೇಲಿನವು ಚೆನ್ನಾಗಿವೆ, ಇದು ನಮ್ಮದು” ಅಂದ್ರು. ಆ ‘ನಮ್ಮದು’ ಅನ್ನೋದರ ಅರ್ಥ ಏನು ಅಂತ ಹುಡುಕುತ್ತಾ ಹೋದಾಗ ಸಿಕ್ಕಿದ್ದೇ ಈ ಕಥೆ.

1976ರ ಬ್ರಿಟನ್ ಈಗಿನ ಹಾಗಿರಲಿಲ್ಲ. ನಿರುದ್ಯೋಗಿಗಳು ಹತ್ತು ಲಕ್ಷ ದಾಟಿದ್ದರು. ಸರ್ಕಾರವೇ ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಮುಂದೆ ಸಾಲಕ್ಕೆ ಕೈ ಒಡ್ಡಿತ್ತು. ಹಾಡಿನ ಲೋಕ ಮಾತ್ರ ಲಂಡನ್ನಿನ ದೊಡ್ಡ ಕಂಪನಿಗಳ ಕೈಲಿತ್ತು. ದುಬಾರಿ ಸ್ಟುಡಿಯೊ, ತಿಂಗಳುಗಟ್ಟಲೆ ರೆಕಾರ್ಡಿಂಗ್, ಹತ್ತು ನಿಮಿಷದ ಗಿಟಾರ್ ಕಸರತ್ತು. ಸಾಮಾನ್ಯರ ಮಕ್ಕಳು ಕೇಳಬಹುದಿತ್ತು, ಮಾಡೋ ಹಾಗಿರಲಿಲ್ಲ. ಇದಕ್ಕೆ ಎದುರಾಗಿ ಹುಟ್ಟಿದ್ದು ಪಂಕ್. ಚಿಕ್ಕ ಹಾಡು, ನಾಲ್ಕೇ ವಾದ್ಯ, ಜೋರು ದನಿ, ಬಂದಷ್ಟು ವಿದ್ಯೆ.

ಮ್ಯಾಂಚೆಸ್ಟರಿನ ಪಕ್ಕದ ಬೋಲ್ಟನ್ ಊರಿನ ತಾಂತ್ರಿಕ ಕಾಲೇಜಿನಲ್ಲಿ ಇಬ್ಬರು ವಿದ್ಯಾರ್ಥಿಗಳಿದ್ದರು, ಹೊವರ್ಡ್ ಡಿವೋಟೊ ಮತ್ತು ಪೀಟ್ ಶೆಲ್ಲಿ. 1976ರ ಫೆಬ್ರವರಿಯಲ್ಲಿ ಇವರು ಲಂಡನ್ ಕಡೆಗೆ ಹೋಗಿ ಸೆಕ್ಸ್ ಪಿಸ್ಟಲ್ಸ್ ಅನ್ನೋ ಹೊಸ ತಂಡವನ್ನ ನೋಡಿ ಬಂದರು. ನೋಡಿ ಸುಮ್ಮನಾಗಲಿಲ್ಲ. ಆ ತಂಡವನ್ನೇ ಮ್ಯಾಂಚೆಸ್ಟರಿಗೆ ಕರೆಸಿದರು. ಜೂನ್ 4ರಂದು ಲೆಸ್ಸರ್ ಫ್ರೀ ಟ್ರೇಡ್ ಹಾಲ್‌ನಲ್ಲಿ ಕಾರ್ಯಕ್ರಮ, ಟಿಕೆಟ್ 50 ಪೆನ್ಸ್. ಬಂದವರು ಬೆರಳೆಣಿಕೆಯಷ್ಟು ಜನ. ಆದರೆ ಅಲ್ಲಿದ್ದ ಪೀಟರ್ ಹುಕ್ ಮರುದಿನವೇ ಹೋಗಿ ಬೇಸ್ ಗಿಟಾರ್ ಕೊಂಡರು. ಮುಂದೆ ಅವರು ಗೆಳೆಯ ಬರ್ನಾರ್ಡ್ ಸಮ್ನರ್ ಜೊತೆ ಸೇರಿ ಕಟ್ಟಿದ ತಂಡವೇ ಜಾಯ್ ಡಿವಿಷನ್. ಅದೇ ಸಂಜೆ, ಬೇರೆ ಯಾರನ್ನೋ ಕಾಯುತ್ತಾ ಹೊರಗೆ ನಿಂತಿದ್ದ ಸ್ಟೀವ್ ಡಿಗಲ್ ಅವರನ್ನ ಪಿಸ್ಟಲ್ಸ್ ಮ್ಯಾನೇಜರ್ ಮಾಲ್ಕಮ್ ಮೆಕ್ಲಾರೆನ್ ಒಳಗೆ ಕರೆದು ಶೆಲ್ಲಿಗೆ ಪರಿಚಯ ಮಾಡಿಸಿದರು. ಹಾಗೆ ಡಿಗಲ್ ಬೇಸ್ ವಾದಕರಾದರು. ಡ್ರಮ್ಸ್‌ಗೆ ಸಿಕ್ಕವರು ಜಾನ್ ಮಾಹರ್, ವಯಸ್ಸು 16. ಜುಲೈ 20ರಂದು ಪಿಸ್ಟಲ್ಸ್ ಮತ್ತೆ ಅದೇ ಹಾಲಿಗೆ ಬಂದಾಗ ಬಝ್‌ಕಾಕ್ಸ್ ಕೂಡ ವೇದಿಕೆ ಹತ್ತಿತು. ಆ ಫ್ರೀ ಟ್ರೇಡ್ ಹಾಲ್ ಕಟ್ಟಡ ಈಗ ಹೋಟೆಲ್ ಆಗಿದೆ. ಪೀಟರ್ ಸ್ಟ್ರೀಟ್ ಕಡೆ ಹೋದರೆ ಅದರ ಹಳೇ ಮುಖ ಹಾಗೇ ಇರೋದನ್ನ ನೋಡಬಹುದು.

ಅಕ್ಟೋಬರ್ 18ರಂದು ನಾಲ್ವರೂ ಸ್ಟಾಕ್‌ಪೋರ್ಟ್ ಕಡೆಯ ಒಂದು ಸಣ್ಣ ಸ್ಟುಡಿಯೊಗೆ ಹೋಗಿ ತಮ್ಮ ಬಳಿ ಇದ್ದ ಹಾಡನ್ನೆಲ್ಲ ಒಂದೇ ದಮ್ಮಿನಲ್ಲಿ ನುಡಿಸಿದರು. ತಗುಲಿದ ಖರ್ಚು 45 ಪೌಂಡ್. ಅದು ನಾಲ್ಕು ಟ್ರ್ಯಾಕಿನ ಮೆಷಿನ್.

ಟ್ರ್ಯಾಕ್ ಅಂದ್ರೆ ಏನು ಅಂತ ನಮ್ಮ ಭಾಷೇಲಿ ಹೇಳ್ತೀನಿ. ಟೇಪನ್ನ ಒಂದು ರಸ್ತೆ ಅಂದ್ಕೊಳ್ಳಿ, ಟ್ರ್ಯಾಕುಗಳು ಅದರ ಲೇನುಗಳು. ಲೇನು ಹೆಚ್ಚಿದ್ದರೆ ಒಂದರಲ್ಲಿ ಡ್ರಮ್, ಇನ್ನೊಂದರಲ್ಲಿ ಗಿಟಾರ್, ಮತ್ತೊಂದರಲ್ಲಿ ದನಿ, ಹೀಗೆ ಬೇರೆ ಬೇರೆ ಇಟ್ಟು, ತಪ್ಪಿದ್ದನ್ನಷ್ಟೇ ಅಳಿಸಿ ಮತ್ತೆ ನುಡಿಸಬಹುದು. ಒಂದು ಸರ್ಕ್ಯೂಟ್ ಆಫ್ ಮಾಡಿ ರಿಪೇರಿ ಮಾಡಿದ ಹಾಗೆ. ಎಲ್ಲರೂ ಒಂದೇ ಕೋಣೆಯಲ್ಲಿ ಒಟ್ಟಿಗೆ ನುಡಿಸಿ ನಾಲ್ಕೇ ಲೇನಿಗೆ ತುಂಬಿದರೆ, ಹಾಡುವವನ ಮೈಕಿಗೆ ಡ್ರಮ್ ಸದ್ದು ನುಗ್ಗುತ್ತೆ, ಡ್ರಮ್ ಮೈಕಿಗೆ ಗಿಟಾರ್ ನುಗ್ಗುತ್ತೆ. ಒಂದನ್ನ ಬಿಡಿಸಿ ತಿದ್ದೋಕೆ ಆಗಲ್ಲ. ಅವತ್ತು ಆ ಕೋಣೆಯಲ್ಲಿ ಏನಾಯ್ತೋ ಅದೇ ಟೇಪಿನಲ್ಲಿ ಉಳೀತು.

ಡಿಸೆಂಬರ್ 28ಕ್ಕೆ ಮ್ಯಾಂಚೆಸ್ಟರ್ ನಗರದೊಳಗಿನ ಇಂಡಿಗೊ ಸ್ಟುಡಿಯೊದಲ್ಲಿ ನಾಲ್ಕು ಹಾಡು ರೆಕಾರ್ಡ್ ಮಾಡಿದರು. ಮಿಕ್ಸಿಂಗ್ ಸೇರಿ ಎಲ್ಲ ಒಂದೇ ದಿನದ ಕೆಲಸ. ಉಸ್ತುವಾರಿ ನೋಡಿಕೊಂಡವರು ಮಾರ್ಟಿನ್ ಹ್ಯಾನೆಟ್, ಮುಂದೆ ಜಾಯ್ ಡಿವಿಷನ್ ರೆಕಾರ್ಡುಗಳಿಂದ ಹೆಸರಾದವರು. ಖರ್ಚು ಮತ್ತು ಅಚ್ಚಿಗೆ ಬೇಕಾದ ಸುಮಾರು 500 ಪೌಂಡನ್ನ ಮನೆಯವರಿಂದ, ಸ್ನೇಹಿತರಿಂದ ಸಾಲ ತಂದರು. ಶೆಲ್ಲಿಯ ತಂದೆಯೂ ಕೈಜೋಡಿಸಿದರು. ಯಾವ ಕಂಪನಿಯ ಬಾಗಿಲನ್ನೂ ತಟ್ಟದೆ ‘ನ್ಯೂ ಹಾರ್ಮೋನ್ಸ್’ ಅಂತ ತಾವೇ ಒಂದು ಹೆಸರಿಟ್ಟುಕೊಂಡು 1977ರ ಜನವರಿ 29ರಂದು ಆ 7 ಇಂಚಿನ ತಟ್ಟೆಯನ್ನ ಹೊರಗೆ ತಂದರು. ಹೆಸರು ‘ಸ್ಪೈರಲ್ ಸ್ಕ್ರ್ಯಾಚ್’. ಮೊದಲು ಅಚ್ಚಾದದ್ದು 1000 ಪ್ರತಿ. ಅವು ಬೇಗ ಖಾಲಿಯಾಗಿ, ಮತ್ತೆ ಮತ್ತೆ ಅಚ್ಚಾಗಿ, ಒಟ್ಟು 16,000ದಷ್ಟು ಮಾರಾಟವಾದವು. ಸಾಲ ತೀರಿತು.

ಕವರಿನ ಮೇಲಿನ ಚಿತ್ರ ಪೋಲರಾಯ್ಡ್ ಕ್ಯಾಮೆರಾದಲ್ಲಿ ತೆಗೆದದ್ದು. ನಾವು ಬಸ್ಸು, ಟ್ರ್ಯಾಮು ಬದಲಿಸೋ ಪಿಕಡಿಲಿ ಗಾರ್ಡನ್ಸ್ ಇದೆಯಲ್ಲ, ಅಲ್ಲಿ ರಾಬರ್ಟ್ ಪೀಲ್ ಪ್ರತಿಮೆಯ ಬುಡದಲ್ಲಿ ನಾಲ್ವರೂ ನಿಂತಿದ್ದಾರೆ. ತೆಗೆದವರು ಅವರ ಗೆಳೆಯ, ಮ್ಯಾನೇಜರ್ ರಿಚರ್ಡ್ ಬೂನ್. ನನಗೆ ಮುಖ್ಯ ಅನಿಸಿದ್ದು ಕವರಿನ ಹಿಂಭಾಗ. ಪ್ರತಿ ಹಾಡನ್ನ ಎಷ್ಟನೇ ಸಲಕ್ಕೆ ನುಡಿಸಿದ್ದು, ಆಮೇಲೆ ಏನು ಸೇರಿಸಿದ್ದು ಅಂತ ಅಲ್ಲಿ ಬರೆದಿದ್ದಾರೆ. ‘ಬ್ರೇಕ್‌ಡೌನ್’ ಹಾಡು ಮೂರನೇ ಸಲದ್ದು, ಆಮೇಲೆ ಏನೂ ಸೇರಿಸಿಲ್ಲ. ಉಳಿದ ಮೂರೂ ಮೊದಲನೇ ಸಲದವು, ಮೇಲೆ ಗಿಟಾರ್ ಮಾತ್ರ ಸೇರಿಸಿದೆ.

ಎಲೆಕ್ಟ್ರಿಷಿಯನ್ನರಿಗೆ ಇದು ಏನು ಅಂತ ತಕ್ಷಣ ಗೊತ್ತಾಗುತ್ತೆ. ಇದು ಟೆಸ್ಟ್ ಶೀಟ್! ಕೆಲಸ ಮುಗಿದ ಮೇಲೆ ಯಾವ ಸರ್ಕ್ಯೂಟಿಗೆ ಎಷ್ಟು ಸೈಜಿನ ಕೇಬಲ್, ರೀಡಿಂಗ್ ಎಷ್ಟು ಬಂತು ಅಂತ ಬರೆದು ಸಹಿ ಹಾಕ್ತೀವಲ್ಲ, ಹಾಗೆ. ಮಾಡಿದ ಕೆಲಸದ ಲೆಕ್ಕವನ್ನ ಕೊಂಡವನ ಕೈಗೇ ಕೊಟ್ಟುಬಿಟ್ಟರು.

ಹಾಗಾದ್ರೆ ಅಭಿಮಾನಿಗಳು ಪ್ರೀತಿಸೋದು ಕೆಟ್ಟ ಸೌಂಡನ್ನಾ? ಅಲ್ಲ. ಒರಟು ಬೇರೆ, ಕಳಪೆ ಬೇರೆ. ನಮ್ಮ ಕಸುಬಿನಲ್ಲಿ ಕಳಪೆ ಅಂದ್ರೆ ಜೀವಕ್ಕೇ ಅಪಾಯ, ಅದನ್ನ ಯಾರೂ ಮೆಚ್ಚಬಾರದು. ಈ ರೆಕಾರ್ಡನ್ನ ಗಮನ ಇಟ್ಟು ಕೇಳಿ. 16ರ ಆ ಹುಡುಗ ಡ್ರಮ್ ಬಾರಿಸೋದರಲ್ಲಿ ಲಯ ಎಲ್ಲೂ ಜಾರಲ್ಲ. ‘ಬೋರ್ಡಮ್’ ಹಾಡಿನ ನಡುವೆ ಶೆಲ್ಲಿ ಎರಡೇ ಸ್ವರಗಳನ್ನ ತಿರುಗಿಸಿ ತಿರುಗಿಸಿ ನುಡಿಸ್ತಾರೆ, ಫೈರ್ ಅಲಾರ್ಮ್ ಟೆಸ್ಟ್ ಮಾಡೋ ಹಾಗೆ. ಬರದೆ ಮಾಡಿದ್ದಲ್ಲ. ಹಾಡೇ ಬೇಸರದ ಬಗ್ಗೆ, ಅದಕ್ಕೆ ಎರಡು ಸ್ವರ ಸಾಕು ಅಂತ ಬೇಕಂತಲೇ ಮಾಡಿದ್ದು. ಕಡಿಮೆ ಇದ್ದದ್ದು ದುಡ್ಡು ಮತ್ತು ಸಮಯ, ಶ್ರದ್ಧೆ ಅಲ್ಲ.

ಮುಂದೆ ಡಿವೋಟೊ ತಂಡ ಬಿಟ್ಟರು, ಶೆಲ್ಲಿಯೇ ಹಾಡಿದರು. 1977ರ ಆಗಸ್ಟ್‌ನಲ್ಲಿ ಯುನೈಟೆಡ್ ಆರ್ಟಿಸ್ಟ್ಸ್ ಅನ್ನೋ ದೊಡ್ಡ ಕಂಪನಿಗೆ ಸಹಿ ಹಾಕಿದರು. 1978ರಲ್ಲಿ ಬಂದ ಮೊದಲ ಆಲ್ಬಮ್ಮಿನಲ್ಲಿ ‘ಲವ್ ಬ್ಯಾಟರಿ’ ಅನ್ನೋ ಹಾಡಿದೆ. ಅದೇ ಹಾಡು 45 ಪೌಂಡಿನ ಟೇಪಿನಲ್ಲೂ ಇದೆ. ಎರಡನ್ನೂ ಒಂದಾದ ಮೇಲೊಂದು ಕೇಳಿ ನೋಡಿ. ಹೊಸದರಲ್ಲಿ ಎಲ್ಲ ಅಚ್ಚುಕಟ್ಟು. ಅದು ಕನ್ಸೀಲ್ಡ್ ವೈರಿಂಗ್. ಗೋಡೆ ನುಣ್ಣಗಿದೆ, ಸ್ವಿಚ್ ಒತ್ತಿದರೆ ದೀಪ ಹತ್ತುತ್ತೆ, ವೈರ್ ಎಲ್ಲಿಂದ ಎಲ್ಲಿಗೆ ಹೋಗಿದೆ ಗೊತ್ತಾಗಲ್ಲ. ಹಳೇದು ಸರ್ಫೇಸ್ ವೈರಿಂಗ್. ಎಲ್ಲ ಕಣ್ಣಿಗೆ ಕಾಣುತ್ತೆ. ಐಟಿಐನಲ್ಲಿ ನಮಗೆ ಮೊದಲು ಹಲಗೆ ಮೇಲೆ ಕ್ಲಿಪ್ ಹೊಡೆಸಿ ವೈರಿಂಗ್ ಕಲಿಸಿದ್ದು ಅದಕ್ಕೇ ತಾನೇ? ಕಂಡರೆ ಕಲೀಬಹುದು.

ಆ ಕಾಲದ ಹುಡುಗರು ಹಾಗೇ ಕಲಿತರು. ಅದೇ 1977ರಲ್ಲಿ ಲಂಡನ್ನಿನ ಡೆಸ್ಪರೇಟ್ ಬೈಸಿಕಲ್ಸ್ ಅನ್ನೋ ತಂಡ 153 ಪೌಂಡಿನಲ್ಲಿ ತನ್ನದೇ ರೆಕಾರ್ಡ್ ತಂದು, ಇದು ಸುಲಭ, ನೀವೂ ಮಾಡಿ ಅಂತ ಕೇಳುಗರಿಗೆ ಹೇಳಿತು. 1978ರಲ್ಲಿ ಸ್ಕ್ರಿಟಿ ಪೊಲಿಟಿ ಅನ್ನೋ ತಂಡ ಸ್ಟುಡಿಯೊಗೆ ಎಷ್ಟು, ಅಚ್ಚಿಗೆ ಎಷ್ಟು ಅಂತ ಖರ್ಚಿನ ಪಟ್ಟಿಯನ್ನೇ ಕವರ್ ಮೇಲೆ ಅಚ್ಚು ಹಾಕಿಸಿತು. ಕೇಳುಗ ಮತ್ತು ಮಾಡುವವನ ನಡುವೆ ಇದ್ದ ಗೋಡೆಯನ್ನ ಇವರು ಕೆಡವಿದರು. ನಮ್ಮ ಮೇಸ್ತ್ರಿ ‘ಇದು ನಮ್ಮದು’ ಅಂದದ್ದರ ಅರ್ಥ ಇದೇ ಅಂತ ನನಗೆ ಅನಿಸುತ್ತೆ.

ಆದರೆ ಅಭಿಮಾನದ ಎಲ್ಲವೂ ಬಂಗಾರವಲ್ಲ. ಆ ಅಕ್ಟೋಬರ್ ಟೇಪನ್ನ ತಂಡ ಆಗ ಹೊರಗೆ ತಂದಿರಲಿಲ್ಲ. ಯಾರದೋ ಕೈ ದಾಟಿ ‘ಟೈಮ್ಸ್ ಅಪ್’ ಅನ್ನೋ ಹೆಸರಲ್ಲಿ ಕಳ್ಳ ರೆಕಾರ್ಡಾಗಿ ಮಾರಾಟವಾಯ್ತು. ಜನ ಮುಗಿಬಿದ್ದು ಕೊಂಡರು. ನಾವು ಚಿಕ್ಕವರಿದ್ದಾಗ ಕ್ಯಾಸೆಟ್ ಅಂಗಡಿಯಲ್ಲಿ ಕಾಪಿ ಹೊಡೆಸ್ತಿದ್ದದ್ದು ನೆನಪಿದೆಯಲ್ಲ? ಕಾಪಿಯ ಕಾಪಿ ಆದ ಹಾಗೆ ಹಾಡು ಹಿಂದೆ ಸರಿದು ‘ಸ್’ ಅನ್ನೋ ಸದ್ದು ಮುಂದೆ ಬರ್ತಿತ್ತು. ಅಂಥ ಸದ್ದನ್ನೂ ಸಹಿಸಿ ಕೇಳಿದವರಿಂದಲೇ ಆ ಹಾಡುಗಳು ಜನರ ನಾಲಿಗೆ ಮೇಲೆ ಉಳಿದವು, ಅದು ನಿಜ. ಆದರೆ ಕಳ್ಳ ರೆಕಾರ್ಡಿನ ಕಾಸು ಹೋಗೋದು ಮಾರಿದವನ ಜೇಬಿಗೆ, ನುಡಿಸಿದವನಿಗಲ್ಲ. ನಮ್ಮಲ್ಲೂ ಎಷ್ಟೋ ಜನ ಹಿಂದಿನ ದೇಶಗಳಲ್ಲಿ ಓವರ್‌ಟೈಮ್ ದುಡಿದು ಅದರ ಕಾಸು ಕಾಣದೆ ಬಂದವರಿದ್ದೀವಿ. ಕೆಲಸವನ್ನ ಮೆಚ್ಚಿ ಕೂಲಿಯನ್ನ ಮರೆಯೋ ಪ್ರೀತಿ ಅರ್ಧ ಪ್ರೀತಿ. ಆ ಟೇಪು ಆಮೇಲೆ ಸರಿಯಾದ ದಾರಿಯಲ್ಲೇ ಬಂತು. 2000ದಲ್ಲಿ ಮ್ಯೂಟ್ ಕಂಪನಿ, 2017ರಲ್ಲಿ ಡೊಮಿನೊ ಕಂಪನಿ ಅದನ್ನ ಹೊರತಂದವು. ಬೇಕಾದವರು ಈಗ ದುಡ್ಡು ಕೊಟ್ಟು ಕೇಳಬಹುದು.

ಆ ನಾಲ್ವರಲ್ಲಿ ಪೀಟ್ ಶೆಲ್ಲಿ 2018ರ ಡಿಸೆಂಬರ್ 6ರಂದು ಎಸ್ಟೋನಿಯಾ ದೇಶದಲ್ಲಿ ತೀರಿಕೊಂಡರು, 63 ವರ್ಷ. ಡ್ರಮ್ ಬಾರಿಸಿದ ಜಾನ್ ಮಾಹರ್ ತಂಡ ಬಿಟ್ಟ ಮೇಲೆ ಮೆಕ್ಯಾನಿಕ್ ಆದರು. ಹಳೇ ಫೋಕ್ಸ್‌ವ್ಯಾಗನ್ ಕಾರುಗಳ ಎಂಜಿನ್ ಕಟ್ಟೋದರಲ್ಲಿ ಅವರದು ದೊಡ್ಡ ಹೆಸರು. ಈ ವಿಷಯ ತಿಳಿದಾಗ ನನಗೆ ಬಹಳ ಸಂತೋಷವಾಯ್ತು. ಆ ರೆಕಾರ್ಡಿನಲ್ಲಿ ಕೇಳೋದು ಒಬ್ಬ ಕಸುಬುದಾರನ ಕೈ.

ಕೊನೆಗೆ ಒಂದು ಮಾತು. ರಾಜ್ಯೋತ್ಸವ, ಯುಗಾದಿ ಕಾರ್ಯಕ್ರಮಗಳಲ್ಲಿ ನಮ್ಮವರು ಹಾಡ್ತಾರೆ. ರೂಮಿನಲ್ಲಿ ಅಡುಗೆ ಮಾಡ್ತಾ ತತ್ವಪದ ಹೇಳೋರಿದ್ದಾರೆ, ಊರಿನ ನಾಟಕದ ಮಾತು ಒಪ್ಪಿಸೋರಿದ್ದಾರೆ. ಯಾರೋ ಫೋನಿನಲ್ಲಿ ಹಿಡೀತಾರೆ, ಮೆಮೊರಿ ತುಂಬಿತು ಅಂತ ಆಮೇಲೆ ಅಳಿಸ್ತಾರೆ. ಕುಕ್ಕರ್ ಸೀಟಿ ಬಿದ್ದಿದೆ, ಯಾರೋ ಕೆಮ್ಮಿದ್ದಾರೆ ಅಂತ ನಾಚಿಕೆ ಬೇಡ. ಅಳಿಸಬೇಡಿ. ಹಾಡಿದವರನ್ನ ಒಂದು ಮಾತು ಕೇಳಿ ಇಟ್ಟುಕೊಳ್ಳಿ. ಜೊತೆಗೆ ಯಾರು ಹಾಡಿದ್ದು, ಯಾವ ತಾರೀಕು, ಯಾವ ಊರಿನ ಯಾವ ರೂಮು, ಎಷ್ಟನೇ ಸಲಕ್ಕೆ ಸರಿಬಂತು ಅಂತ ಒಂದು ಚೀಟಿ ಬರೆದಿಡಿ. ಮುಂದಿನ ವರ್ಷ ಬಳಗದ ವತಿಯಿಂದ ಅವನ್ನೆಲ್ಲ ಒಂದೆಡೆ ಸೇರಿಸೋಣ. ವೈರಿಂಗ್ ಕೆಲಸ ನಾನು ನೋಡ್ಕೋತೀನಿ.