ಮುದ್ರಣಾಲಯದಿಂದ ಮಲಗುವ ಕೋಣೆಗೆ

ಹವಾನಿಯಂತ್ರಣ ಯಂತ್ರ ಮೊದಲು ಹುಟ್ಟಿದ್ದು ಮನುಷ್ಯನಿಗಾಗಿ ಅಲ್ಲ, ಕಾಗದಕ್ಕಾಗಿ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಸ್ಯಾಕೆಟ್-ವಿಲ್‌ಹೆಲ್ಮ್ಸ್ ಎಂಬ ಮುದ್ರಣಾಲಯವಿತ್ತು. ಬಣ್ಣದ ಚಿತ್ರ ಅಚ್ಚಾಗಲು ಒಂದೇ ಹಾಳೆ ಹಲವು ಸಲ ಯಂತ್ರದೊಳಗೆ ಹೋಗಿಬರಬೇಕು, ಸಲಕ್ಕೊಂದು ಬಣ್ಣ. ಬೇಸಿಗೆಯ ಸೆಕೆಗೆ ಹಾಳೆ ತೇವ ಹೀರಿ ಹಿಗ್ಗುತ್ತಿತ್ತು, ಒಣಗಿದಾಗ ಕುಗ್ಗುತ್ತಿತ್ತು. ಕೆಂಪಿನ ಜಾಗಕ್ಕೆ ನೀಲಿ ಸರಿದು ಚಿತ್ರ ಕೆಡುತ್ತಿತ್ತು. ಪರಿಹಾರ ಹುಡುಕುವ ಕೆಲಸ ಬಫಲೊ ಫೋರ್ಜ್ ಕಂಪನಿಯ 25 ವರ್ಷದ ಎಂಜಿನಿಯರ್ ವಿಲ್ಲಿಸ್ ಕ್ಯಾರಿಯರ್ ಪಾಲಿಗೆ ಬಂತು. ತಣ್ಣನೆಯ ಕೊಳವೆಗಳ ಮೇಲೆ ಗಾಳಿ ಹಾಯಿಸಿದರೆ ಅದರಲ್ಲಿನ ತೇವ ಅಲ್ಲೇ ಹನಿಗಟ್ಟಿ ಇಳಿಯುತ್ತದೆ ಎಂಬ ತತ್ತ್ವದ ಮೇಲೆ ಅವರು ರಚಿಸಿದ ನಕ್ಷೆಯ ಮೇಲಿರುವ ದಿನಾಂಕ 1902ರ ಜುಲೈ 17. ಗುರಿಯಿದ್ದುದು ಶೇಕಡ 55ರ ಆರ್ದ್ರತೆಯ ಮೇಲೆ. ತಂಪು ಅದರ ಜೊತೆಗೆ ಬಂದ ಲಾಭ.

ಮನುಷ್ಯನ ಸರದಿ ತಡವಾಗಿ ಬಂತು. 1923ರಲ್ಲಿ ಹೌಟನ್ ಮತ್ತು ಯಾಗ್ಲೂ ಎಂಬ ಅಮೆರಿಕದ ಸಂಶೋಧಕರು ಜನರನ್ನು ಕೋಣೆಗಳಲ್ಲಿ ಕೂರಿಸಿ ಹಿತವೆನಿಸುವ ಮಿತಿಯನ್ನು ಗುರುತಿಸಿದರು. 1925ರಲ್ಲಿ ನ್ಯೂಯಾರ್ಕಿನ ರಿವೋಲಿ ಚಿತ್ರಮಂದಿರಕ್ಕೆ ಕ್ಯಾರಿಯರ್ ಯಂತ್ರ ಬಂತು. 1970ರಲ್ಲಿ ಡೆನ್ಮಾರ್ಕಿನ ಓಲೆ ಫಾಂಗರ್ ಇನ್ನಷ್ಟು ಮುಂದೆ ಹೋದರು. ಉಷ್ಣಾಂಶ, ಆರ್ದ್ರತೆ, ಗಾಳಿಯ ಚಲನೆಗಳ ಜೊತೆಗೆ ತೊಟ್ಟ ಬಟ್ಟೆ, ಮಾಡುವ ಕೆಲಸಗಳನ್ನೂ ಅವರು ಲೆಕ್ಕಕ್ಕೆ ಹಿಡಿದರು. ಆದರೆ ಕಚೇರಿಗಳ ಲೆಕ್ಕ ನಿಂತಿದ್ದುದು ಸುಮಾರು 70 ಕಿಲೊ ತೂಕದ, 40ರ ವಯಸ್ಸಿನ ಗಂಡಸಿನ ಮೈಶಾಖದ ಮೇಲೆ ಎಂದು 2015ರಲ್ಲಿ ನೆದರ್ಲೆಂಡ್ಸಿನ ಇಬ್ಬರು ವಿಜ್ಞಾನಿಗಳು ತೋರಿಸಿದರು. ಕಚೇರಿಯಲ್ಲಿ ಹೆಂಗಸರು ಶಾಲು ಹೊದ್ದು ಕೂರುವುದರ ಗುಟ್ಟು ಸ್ವಲ್ಪಮಟ್ಟಿಗೆ ಇಲ್ಲಿದೆ! ಜಪಾನ್ ಸರ್ಕಾರ 2005ರಲ್ಲಿ ಬೇರೆ ದಾರಿ ಹಿಡಿಯಿತು: ಕಚೇರಿಯಲ್ಲಿ 28 ಡಿಗ್ರಿ ಇರಲಿ, ಕೋಟು-ಟೈ ಮನೆಯಲ್ಲಿರಲಿ ಎಂದಿತು.

ಹಾಗಾದರೆ ನಮ್ಮ ಮನೆಗಳ ರಿಮೋಟಿನಲ್ಲಿ ಕಾಣುವ 16 ಎಲ್ಲಿಂದ ಬಂತು? ಅದು ಮೈಗೆ ಹಿತವಾದ ಅಂಕಿಯಲ್ಲ, ಯಂತ್ರಕ್ಕೆ ಹಾಕಿದ ಬೇಲಿ. ಒಳಗಿನ ಕಾಯಿಲ್ ಕೋಣೆಗಿಂತ ಬಹಳ ತಣ್ಣಗಿರುತ್ತದೆ. ಹೊರಗೆ ಚಳಿಯಿದ್ದು, ಫಿಲ್ಟರಿನಲ್ಲಿ ದೂಳು ತುಂಬಿ, ಅಥವಾ ಗ್ಯಾಸ್ ಕಡಿಮೆಯಾಗಿ ಕಾಯಿಲ್ ಸೊನ್ನೆಗಿಂತ ಕೆಳಗಿಳಿದರೆ, ಹನಿಗಟ್ಟಿದ ನೀರು ಮಂಜುಗಡ್ಡೆಯಾಗಿ ಗಾಳಿಯ ದಾರಿ ಮುಚ್ಚುತ್ತದೆ. ಆವಿಯಾಗದೆ ಉಳಿದ ಶೀತಕ ದ್ರವರೂಪದಲ್ಲೇ ಕಂಪ್ರೆಸರ್‌ಗೆ ಮರಳಿದರೆ ಅದಕ್ಕೆ ಪೆಟ್ಟು. ಕೋಣೆ ತಣ್ಣಗಾದಷ್ಟೂ ಈ ಅಪಾಯ ಹತ್ತಿರ.

16ಕ್ಕೆ ಇಟ್ಟರೆ ಕೋಣೆ ಬೇಗ ತಂಪಾಗುತ್ತದೆ ಎಂಬ ನಂಬಿಕೆಯೂ ಇದೆ. ಹಳೆಯ ಮಾದರಿಯ ಯಂತ್ರದಲ್ಲಿ ಆ ಅಂಕಿ ಯಾವಾಗ ನಿಲ್ಲಬೇಕೆಂದು ಹೇಳುತ್ತದೆ, ಅಷ್ಟೆ. 24ಕ್ಕಿಟ್ಟರೂ ಬರುವುದು ಅದೇ ತಣ್ಣನೆಯ ಗಾಳಿ. ಇನ್ವರ್ಟರ್ ಯಂತ್ರ ವೇಗ ಬದಲಿಸಬಲ್ಲದಾದರೂ ಅದರ ಶಕ್ತಿಗೂ ಮಿತಿಯುಂಟು. ಯಂತ್ರದ ಸಾಮರ್ಥ್ಯ ಅಳೆಯುವಾಗ ಹೊರಗೆ 35, ಒಳಗೆ 27 ಡಿಗ್ರಿ ಎಂದು ಇಟ್ಟುಕೊಳ್ಳಲಾಗುತ್ತದೆ. ಕಲಬುರ್ಗಿ, ರಾಯಚೂರಿನ ಬೇಸಿಗೆ 40 ದಾಟುತ್ತದೆ. ಅಲ್ಲಿ 16 ಎಂದು ಗುಂಡಿ ಒತ್ತಿದರೆ ಕೋಣೆ ಬಹುಶಃ ಅಲ್ಲಿಗೆ ಇಳಿಯುವುದೇ ಇಲ್ಲ, ಯಂತ್ರ ರಾತ್ರಿಯಿಡೀ ನಿಲ್ಲದೆ ಓಡುತ್ತದೆ. ಮಂಗಳೂರಿನ ಕಡಲ ತೇವಕ್ಕಾದರೆ ಪಕ್ಕದ ಕೋಣೆಯ ಗೋಡೆ ಬೆವರಿ ಬೂಷ್ಟು ಹಿಡಿಯಬಹುದು.

ಕೇಂದ್ರ ಇಂಧನ ಸಚಿವಾಲಯ 2018ರಲ್ಲಿ 24ರಿಂದ 26 ಡಿಗ್ರಿ ಸಾಕು ಎಂದು ಸಲಹೆ ಮಾಡಿತು. 18-21ಕ್ಕಿಟ್ಟು ಕಂಬಳಿ ಹೊದೆಯುವುದು ವಿದ್ಯುತ್ತಿನ ದಂಡ ಎಂಬುದು ಅದರ ವಾದ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇಕಡ 6ರಷ್ಟು ವಿದ್ಯುತ್ ಉಳಿಯುತ್ತದೆಂದು ಆಗ ಅಂದಾಜಿಸಲಾಗಿತ್ತು. 2020ರ ಜನವರಿಯಿಂದ ಹೊಸ ಯಂತ್ರಗಳು 24ಕ್ಕೆ ಹೊಂದಿಸಿಕೊಂಡೇ ಮಾರುಕಟ್ಟೆಗೆ ಬರಬೇಕೆಂಬ ನಿಯಮ ಬಂತು. 20ಕ್ಕಿಂತ ಕೆಳಗೆ, 28ಕ್ಕಿಂತ ಮೇಲೆ ಹೋಗದಂತೆ ಕಟ್ಟುಪಾಡು ತರುವ ಯೋಚನೆಯನ್ನು ಸಚಿವ ಮನೋಹರ್ ಲಾಲ್ 2025ರ ಜೂನ್‌ನಲ್ಲಿ ಪ್ರಕಟಿಸಿದರು.

ಆರೋಗ್ಯವಂತ ವಯಸ್ಕರಿಗೆ ಹೊದಿಕೆಯೊಂದಿಗೆ 18 ಡಿಗ್ರಿಯೇನೂ ಪ್ರಾಣಸಂಕಟವಲ್ಲ. ಹಸುಗೂಸು ಮತ್ತು ಮುದುಕರ ಮಾತು ಬೇರೆ. ಮೈಶಾಖವನ್ನು ಕಾಪಾಡಿಕೊಳ್ಳುವ ಶಕ್ತಿ ಅವರಲ್ಲಿ ಕಡಿಮೆ, ಚಳಿಯಾಗುತ್ತಿದೆ ಎಂದು ಕೂಸು ಬಾಯಿಬಿಟ್ಟು ಹೇಳಲಾರದು. ನಿದ್ದೆಯಲ್ಲಿ ಎಲ್ಲರ ಮೈಯೂ ತುಸು ತಣ್ಣಗಾಗುವುದರಿಂದ ಮಲಗುವಾಗ ಹಿತವಾಗಿದ್ದ ಗಾಳಿ ಬೆಳಗಿನ ಜಾವಕ್ಕೆ ಕೊರೆಯತೊಡಗುತ್ತದೆ. ಇಂಥವರಿರುವ ಕೋಣೆಯಲ್ಲಿ ಯಂತ್ರವನ್ನು 25-26ಕ್ಕಿಟ್ಟು, ಅದರ ಗಾಳಿ ನೇರವಾಗಿ ಹಾಸಿಗೆಯ ಮೇಲೆ ಬೀಳದಂತೆ ತಿರುಗಿಸಿ, ಸೆಕೆಯೆನಿಸಿದರೆ ಸೀಲಿಂಗ್ ಫ್ಯಾನನ್ನು ಮೆಲ್ಲನೆ ತಿರುಗಲು ಬಿಡುವುದು ಒಳ್ಳೆಯದು.