ಕೊಡಗಿನ ಒಕ್ಕಗಳ ಆಯುಧಗಳು: ಸ್ವಾಮ್ಯದ ಇತಿಹಾಸ

ಕೊಡಗಿನ ಆಯುಧಗಳ ವಿಷಯವಾಗಿ ಹೊರನಾಡುಗಳಲ್ಲಿ ಪ್ರಚಾರದಲ್ಲಿರುವ ಮಾತು ಬಹುಮಟ್ಟಿಗೆ ಒಂದೇ: ಕೊಡವರು ಕೋವಿ ಇಟ್ಟುಕೊಳ್ಳಲು ಪರವಾನಗಿ ಬೇಕಿಲ್ಲ, ಅದು ಇಂಗ್ಲಿಷರು ಕೊಟ್ಟ ಬಳುವಳಿ. ಇದರ ಪೂರ್ವಾರ್ಧ ಸರಿ. ಉತ್ತರಾರ್ಧ ಇತಿಹಾಸಕ್ಕೆ ಒಪ್ಪುವುದಿಲ್ಲ. ವಿನಾಯಿತಿ ಬೇರೆ, ಸ್ವಾಮ್ಯ ಬೇರೆ. ಇಂಗ್ಲಿಷರು ಕೊಟ್ಟದ್ದು ವಿನಾಯಿತಿಯನ್ನು ಮಾತ್ರ. ಸ್ವಾಮ್ಯವಾದರೋ ಅದಕ್ಕಿಂತ ಹಳೆಯದು. ಅದು ವ್ಯಕ್ತಿಯದಲ್ಲ, ಒಕ್ಕದ್ದು.

ಒಕ್ಕವೆಂದರೆ ಒಬ್ಬ ಮೂಲಪುರುಷನಿಂದ ಬೆಳೆದುಬಂದ ಮನೆತನ. ಐನ್‌ಮನೆ ಅದರ ಮೂಲಗೃಹ. ಹಾಲೇರಿ ಅರಸರ ಕಾಲದಲ್ಲಿ ಒಕ್ಕಗಳು ಜಮ್ಮಾ ಭೂಮಿಯನ್ನು ಅನುಭವಿಸುತ್ತಿದ್ದವು. ‘ಜನ್ಮ’ ಶಬ್ದದಿಂದ ಬಂದ ಈ ಹೆಸರೇ ಆ ಹಿಡುವಳಿ ವಂಶಪಾರಂಪರ್ಯದ್ದೆಂದು ಸೂಚಿಸುತ್ತದೆ. ಅದಕ್ಕೆ ಸಾಗು ಭೂಮಿಯ ಅರ್ಧದಷ್ಟು ಕಂದಾಯ. ಪ್ರತಿಯಾಗಿ, ಅರಸನ ಕರೆ ಬಂದಾಗ ಆಯುಧ ಹಿಡಿದು ಹಾಜರಾಗುವ ಹೊಣೆ. ಅಪ್ಪಣೆಯಿಲ್ಲದೆ ಅದನ್ನು ಪರಭಾರೆ ಮಾಡುವಂತಿರಲಿಲ್ಲ. ಕಂದಾಯದ ಲೆಕ್ಕದಲ್ಲಿ ಪಟ್ಟೇದಾರನ ಹೆಸರಿದ್ದರೂ ಅವನು ಏಕಮಾತ್ರ ಒಡೆಯನಲ್ಲ. ಒಕ್ಕದ ಪರವಾಗಿ ಹಿಡಿದವನು. ಹೀಗೆ ಭೂಮಿಗೂ ಆಯುಧಕ್ಕೂ ಕೂಡಿದ ನಂಟಿದ್ದುದರಿಂದ ಒಡಿಕತ್ತಿ, ಕೋವಿಗಳು ನೇಗಿಲಿನಂತೆಯೇ ಹಿಡುವಳಿಯ ಅಂಗಗಳಾಗಿದ್ದವು.

ಇದಕ್ಕೆ ಆಚಾರದಲ್ಲಿಯೂ ಸಾಕ್ಷ್ಯವುಂಟು. ನಾಟಿಯ ಕೆಲಸ ಮುಗಿದ ಮೇಲೆ, ಸೆಪ್ಟೆಂಬರ್ ಮೊದಲಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಂದು ಮನೆಯ ಆಯುಧಗಳನ್ನೆಲ್ಲ ಒಂದೆಡೆ ಇರಿಸಿ, ತೋಕ್ ಪೂವಿನಿಂದ ಸಿಂಗರಿಸಿ ಪೂಜಿಸುತ್ತಾರೆ. ಪೂಜೆಯಾದ ಮೇಲೆ ಹಿರಿಯನು ಕೋವಿಯನ್ನೆತ್ತಿ ಕಿರಿಯನ ಕೈಗೆ ಕೊಡುತ್ತಾನೆ. ಪಡೆದವನಿಗೆ ಬರುವುದು ಸ್ವಾಧೀನವೇ ಹೊರತು ಸ್ವಾಮ್ಯವಲ್ಲ. ವರ್ಷಕ್ಕೊಮ್ಮೆ ಆಯುಧ ಒಕ್ಕಕ್ಕೆ ಮರಳಿ, ಒಕ್ಕದಿಂದಲೇ ಮತ್ತೆ ಹೊರಡುತ್ತದೆ. ಲೆಕ್ಕದ ಪುಸ್ತಕವಿಲ್ಲದ ಕಾಲದಲ್ಲಿ ಇದೇ ವಾರ್ಷಿಕ ತಾಳೆಯೂ ಆಗಿತ್ತೆನ್ನಬಹುದು.

1834ರಲ್ಲಿ ಚಿಕ್ಕವೀರರಾಜೇಂದ್ರನ ಪದಚ್ಯುತಿಯಾಗಿ ಕೊಡಗು ಕಂಪೆನಿಯ ವಶವಾಯಿತು. 1837ರಲ್ಲಿ ಅಮರಸುಳ್ಯದ ರೈತರು ದಂಗೆಯೆದ್ದಾಗ ಕೊಡವರಲ್ಲಿ ಬಹುಮಂದಿ ಕಂಪೆನಿಯ ಪಕ್ಷ ವಹಿಸಿದರು. ಅವರಿಗೆ ಹಂಚಿದ ಪದಕದ ಮೇಲೆ ಆಯುಧ ಹಿಡಿದ ಕೊಡಗಿನ ಯೋಧನ ಚಿತ್ರವಿದೆ. ಅದೇ ವರ್ಷ ದಂಗೆಯ ನಾಯಕರಲ್ಲೊಬ್ಬನಾದ ಗುಡ್ಡೆಮನೆ ಅಪ್ಪಯ್ಯಗೌಡನನ್ನು ಮಡಿಕೇರಿಯಲ್ಲಿ ಗಲ್ಲಿಗೇರಿಸಲಾಯಿತು. 1857ರ ಮಹಾದಂಗೆಯ ಬಳಿಕ ದೇಶವನ್ನು ನಿರಾಯುಧಗೊಳಿಸಲೆಂದು 1860ರ 31ನೆಯ ಕಾಯಿದೆ ಬಂದಿತು. ಮೈಸೂರು ಮತ್ತು ಕೊಡಗುಗಳ ಕಮಿಷನರ್ ಮಾರ್ಕ್ ಕಬ್ಬನ್ 1861ರ ಫೆಬ್ರವರಿ 26ರಂದು ಕೊಡಗಿನವರನ್ನು ಅದರಿಂದ ಹೊರಗಿರಿಸಿದನು. ಪ್ರಕಟಣೆ ಕೊಟ್ಟ ಕಾರಣಗಳು ನಿಷ್ಠೆ, ಶೌರ್ಯ, ಹಿಂದಿನ ಸೇವೆ. ಆದಕಾರಣ ವಿನಾಯಿತಿಯ ಬೇರು 1837ರ ರಕ್ತದಲ್ಲಿಯೂ ಇದೆ. ಅಭಿಮಾನದಿಂದ ಈ ಸಂಗತಿಯನ್ನು ಮರೆಮಾಚುವುದು ಇತಿಹಾಸಕಾರನಿಗೆ ಸಲ್ಲದು.

ಸ್ವಾತಂತ್ರ್ಯಾನಂತರವೂ ವಿನಾಯಿತಿ ನಿಂತಿತು. 1959ರ ಆಯುಧ ಕಾಯಿದೆಯ 41ನೆಯ ಕಲಮಿನ ಮೇರೆಗೆ ಅದು ಇಬ್ಬರಿಗೆ ಸಲ್ಲುತ್ತದೆ: ಕೊಡವ ಜನಾಂಗದವರಿಗೆ ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರಿಗೆ. ಎರಡನೆಯ ವರ್ಗದಲ್ಲಿ ಗೌಡರೇ ಮೊದಲಾದ ಇತರ ಸಮುದಾಯಗಳ ಮನೆತನಗಳೂ ಸೇರುತ್ತವೆ. 1837ರಲ್ಲಿ ದಂಗೆಯೆದ್ದವರ ಜಾತಿಬಾಂಧವರೂ ಹೀಗೆ ಅದೇ ನೆರಳಿಗೆ ಬಂದರು. 2019ರಲ್ಲಿ ಕೇಂದ್ರ ಸರಕಾರ ಈ ವಿನಾಯಿತಿಯನ್ನು 2029ರವರೆಗೆ ವಿಸ್ತರಿಸಿತು. ಅದನ್ನು ಪ್ರಶ್ನಿಸಿದ ಮೊಕದ್ದಮೆಯಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ 2021ರಲ್ಲಿ ವಿನಾಯಿತಿಯನ್ನು ಎತ್ತಿಹಿಡಿಯಿತು.

ಆದರೆ ಕಾಯಿದೆ ಕಾಣುವುದು ಒಕ್ಕವನ್ನಲ್ಲ, ವ್ಯಕ್ತಿಯನ್ನು. ವಿನಾಯಿತಿ ಪತ್ರ ಹೊರಡುವುದು ಒಬ್ಬೊಬ್ಬರ ಹೆಸರಿನಲ್ಲಿ. ಒಕ್ಕದ ಮಕ್ಕಳು ಬೆಂಗಳೂರು, ಮುಂಬಯಿಗಳಲ್ಲಿ ನೆಲಸಿ, ಐನ್‌ಮನೆಯ ಬಾಗಿಲು ವರ್ಷದ ಬಹುಭಾಗ ಮುಚ್ಚಿರುವೆಡೆಯಲ್ಲಿ ಸ್ವಾಧೀನವೇ ಮೆಲ್ಲಮೆಲ್ಲನೆ ಸ್ವಾಮ್ಯವಾಗಿ ಮಾರ್ಪಡುವ ಭಯವಿದೆ. ಹೊಸ ಕೋವಿಗೆ ಪತ್ರವುಂಟು. ಅಜ್ಜನ ಕಾಲದ ಒಡಿಕತ್ತಿಗೆ, ಬೆನ್ನ ಹಿಂದೆ ಅದನ್ನು ತಾಳುವ ತೋಡಂಗಿಗೆ, ಬೆಳ್ಳಿಯ ಹಿಡಿಯ ಪೀಚೆಕತ್ತಿಗೆ ನೆನಪೇ ಪತ್ರ. ನೂರು ವರ್ಷ ಮೀರಿದ ಇಂಥ ವಸ್ತುಗಳನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸದಂತೆ 1972ರ ಪುರಾವಸ್ತು ಕಾಯಿದೆ ತಡೆಯುತ್ತದೆ. ಆದರೆ ಕತ್ತಿ ದೇಶದಲ್ಲಿಯೇ ಉಳಿದರೂ ಅದು ಯಾವ ಒಕ್ಕದ್ದೆಂಬ ಸಂಗತಿ ಅಳಿಯಬಹುದು. ಮನೆತನದ ಹೆಸರು ಕಳಚಿದ ಕತ್ತಿ ಇತಿಹಾಸದ ಸಾಕ್ಷಿಯಾಗದು. ಅದು ಅಲಂಕಾರದ ಕಬ್ಬಿಣ ಮಾತ್ರ.

ಆದುದರಿಂದ ಪ್ರತಿ ಒಕ್ಕವೂ ತನ್ನ ಆಯುಧಗಳ ಪಟ್ಟಿಯೊಂದನ್ನು ಬರೆದಿಡುವುದು ಇಂದಿನ ಅಗತ್ಯ: ವಸ್ತು ಯಾವುದು, ಯಾವ ಹಿರಿಯನಿಂದ ಬಂದಿತು, ಈಗ ಯಾರ ವಶದಲ್ಲಿದೆ, ಯಾರ ಪರವಾಗಿದೆ. ಕೈಲ್‌ಪೊಳ್ದಿಗೆಂದು ದೂರದ ನಗರಗಳಿಂದ ಊರಿಗೆ ಬರುವವರು ಹಿರಿಯರ ಬಾಯಿಂದ ಇಷ್ಟನ್ನು ಬರೆದುಕೊಳ್ಳಲು ಒಂದು ಮಧ್ಯಾಹ್ನ ಸಾಕು.